ಒಟ್ಟಾಗಿ ಊರು ಬದಲಿಸುವ ಮುನ್ನ: ಲಿಬರ್ಟೇರಿಯನ್ನರಿಗೊಂದು ಕೈಪಿಡಿ

ಸರ್ಕಾರ ನಮ್ಮ ಜೇಬಿಗೂ ಮನೆಯೊಳಕ್ಕೂ ಕೈ ಹಾಕುವುದು ಕಡಿಮೆಯಾದಷ್ಟೂ ಒಳ್ಳೆಯದು ಎಂದು ನಂಬುವವರನ್ನು ಲಿಬರ್ಟೇರಿಯನ್ನರು ಎನ್ನುತ್ತಾರೆ. ಅಮೆರಿಕದ ಎಲ್ಲ ರಾಜ್ಯಗಳಲ್ಲೂ ಇವರಿದ್ದಾರೆ, ಬಹುಪಾಲು ಕಡೆ ಸೋಲುತ್ತಲೇ ಬಂದಿದ್ದಾರೆ. ಒಂದು ಹಿಡಿ ಉಪ್ಪನ್ನು ಕೆರೆಗೆ ಎಸೆದರೆ ನೀರು ಉಪ್ಪಾಗುವುದಿಲ್ಲ. ಅದನ್ನೇ ಒಂದು ಕೊಡಕ್ಕೆ ಹಾಕಿ ನೋಡಿ. ಯೇಲ್ ವಿಶ್ವವಿದ್ಯಾಲಯದಲ್ಲಿ ರಾಜ್ಯಶಾಸ್ತ್ರದ ಪಿಎಚ್‌.ಡಿ. ಮಾಡುತ್ತಿದ್ದ ಜೇಸನ್ ಸೊರೆನ್ಸ್ 2001ರಲ್ಲಿ ಹೇಳಿದ್ದು ಹೆಚ್ಚುಕಡಿಮೆ ಇದನ್ನೇ: ಇಪ್ಪತ್ತು ಸಾವಿರ ಮಂದಿ ಒಂದೇ ಚಿಕ್ಕ ರಾಜ್ಯಕ್ಕೆ ಹೋಗಿ ನೆಲೆಸಿದರೆ ಅಲ್ಲಿನ ಕಾನೂನನ್ನು ತಮ್ಮ ಕಡೆಗೆ ಎಳೆಯಬಹುದು. ಆ ಆಲೋಚನೆಯಿಂದ ಫ್ರೀ ಸ್ಟೇಟ್ ಪ್ರಾಜೆಕ್ಟ್ ಹುಟ್ಟಿತು. ಎರಡು ವರ್ಷದಲ್ಲಿ ಐದು ಸಾವಿರ ಸದಸ್ಯರು ಸೇರಿದರು, ಹತ್ತು ರಾಜ್ಯಗಳನ್ನು ಮುಂದಿಟ್ಟುಕೊಂಡು ಓಟು ನಡೆಸಿದರು. 2003ರ ಅಕ್ಟೋಬರ್ 1ರಂದು ಫಲಿತಾಂಶ ಬಂತು: ನ್ಯೂ ಹ್ಯಾಂಪ್‌ಶೈರ್.

ನಾನು ಈ ಸಿದ್ಧಾಂತಕ್ಕೆ ಪೂರ್ತಿ ಒಲಿದವನಲ್ಲ. ಆದರೆ ಒಂದು ಗುಂಪು ಇಷ್ಟು ಲೆಕ್ಕ ಹಾಕಿ, ಪಟ್ಟಿ ಮಾಡಿ, ಓಟು ಹಾಕಿ ಬದುಕುವ ಜಾಗ ಆರಿಸಿಕೊಂಡದ್ದು ಅಪರೂಪ. ಅವರು ಗೆದ್ದದ್ದೂ ಎಡವಿದ್ದೂ ಹಿಂದೆ ಬರುವವರಿಗೆ ಪಾಠ. ಅದರಿಂದ ನಾನು ಕಂಡುಕೊಂಡ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಕಾನೂನೇ ಇಲ್ಲದ ಜಾಗ ಹುಡುಕಿಕೊಂಡು ಹೋದವರು ಕೈ ಸುಟ್ಟುಕೊಂಡಿದ್ದಾರೆ. ತಮ್ಮ ಓಟಿಗೆ ತೂಕ ಇರುವ ಜಾಗ ಹುಡುಕಿದವರು ಅಷ್ಟಿಷ್ಟಾದರೂ ಪಡೆದಿದ್ದಾರೆ.

ಯಾವ ಸ್ವಾತಂತ್ರ್ಯ ಬೇಕು, ಬರೆದಿಡಿ

ಗುಂಪಿನ ಹತ್ತು ಜನರನ್ನು ಬೇರೆ ಬೇರೆ ಕೂರಿಸಿ, ತಮಗೆ ಬೇಕಾದ ಮೂರು ಸ್ವಾತಂತ್ರ್ಯಗಳನ್ನು ಬರೆಯಲು ಹೇಳಿ. ಒಬ್ಬರಿಗೆ ತೆರಿಗೆ ಇಳಿಯಬೇಕು, ಒಬ್ಬರಿಗೆ ಬಂದೂಕು ಬೇಕು, ಒಬ್ಬರಿಗೆ ಮಕ್ಕಳನ್ನು ಮನೆಯಲ್ಲೇ ಓದಿಸಬೇಕು, ಮತ್ತೊಬ್ಬರಿಗೆ ಗಾಂಜಾ ಸೇದಿದರೆ ಯಾರೂ ಕೇಳಬಾರದು. ಈ ನಾಲ್ವರಿಗೂ ಒಂದೇ ರಾಜ್ಯ ಹಿಡಿಸುವುದಿಲ್ಲ. ನ್ಯೂ ಹ್ಯಾಂಪ್‌ಶೈರನ್ನೇ ನೋಡಿ. ಅಲ್ಲಿ ಸಂಬಳದ ಮೇಲೆ ರಾಜ್ಯದ ಆದಾಯ ತೆರಿಗೆಯಿಲ್ಲ, ಸಾಮಾನ್ಯ ಮಾರಾಟ ತೆರಿಗೆಯಿಲ್ಲ. ಬಡ್ಡಿ ಮತ್ತು ಡಿವಿಡೆಂಡ್ ಮೇಲಿದ್ದ ತೆರಿಗೆಯೂ 2025ರ ಜನವರಿಯಿಂದ ಹೋಯಿತು. ದೊಡ್ಡವರು ಕಾರಿನಲ್ಲಿ ಸೀಟ್ ಬೆಲ್ಟ್ ಹಾಕಲೇಬೇಕೆಂಬ ಕಾನೂನೂ ಇಲ್ಲ. ಆದರೆ ಸುತ್ತಲಿನ ನ್ಯೂ ಇಂಗ್ಲೆಂಡ್, ಅಂದರೆ ಈಶಾನ್ಯ ಅಮೆರಿಕದ, ರಾಜ್ಯಗಳೆಲ್ಲ ಗಾಂಜಾ ಮಾರಾಟಕ್ಕೆ ಬಾಗಿಲು ತೆರೆದರೂ ಇದು ತೆರೆದಿಲ್ಲ. ಬಾಟಲಿ ಮದ್ಯವನ್ನಂತೂ ಸ್ವತಃ ಸರ್ಕಾರವೇ ಮಾರುತ್ತದೆ. ಹೆದ್ದಾರಿ ಪಕ್ಕದಲ್ಲೇ ಸರ್ಕಾರಿ ಮದ್ಯದಂಗಡಿಗಳು. ವಾಹನದ ನಂಬರ್ ಪ್ಲೇಟಿನ ಮೇಲೆ ‘ಸ್ವತಂತ್ರನಾಗಿ ಬದುಕು, ಇಲ್ಲವೇ ಸಾಯಿ’ ಎಂದು ಬರೆದುಕೊಂಡ ರಾಜ್ಯ ಇದು.

ಇನ್ನೊಂದು ವಿಷಯ. ರಾಜ್ಯ ಬದಲಿಸಿದರೆ ಕೇಂದ್ರದ ಆದಾಯ ತೆರಿಗೆ, ಕೇಂದ್ರದ ಮಾದಕವಸ್ತು ಕಾನೂನು ಬದಲಾಗುವುದಿಲ್ಲ. ಪಟ್ಟಿಯಲ್ಲಿ ಅಂಥವು ಇದ್ದರೆ ಈಗಲೇ ಗೆರೆ ಎಳೆದುಬಿಡಿ.

ಹೊಸ ದೇಶ ಕಟ್ಟುವ ಆಸೆ ಬಿಡಿ

ಪ್ರತಿ ಗುಂಪಿನಲ್ಲೂ ಒಬ್ಬನಾದರೂ ಇರುತ್ತಾನೆ, ಭೂಪಟ ಹಿಡಿದು ಸಮುದ್ರದ ಮಧ್ಯೆ ಬೆರಳಿಡುವವನು. ಅವನಿಗೆ ಈ ಕತೆಗಳನ್ನು ಹೇಳಿ.

1972ರಲ್ಲಿ ಲಾಸ್ ವೇಗಸ್‌ನ ಮೈಕಲ್ ಆಲಿವರ್ ಎಂಬ ಉದ್ಯಮಿಯ ಗುಂಪು ಟಾಂಗಾ ದೇಶದ ನೈರುತ್ಯಕ್ಕೆ ಅಲೆಗಳಡಿ ಮುಳುಗೇಳುವ ಮಿನರ್ವಾ ಹವಳದ ದಿಬ್ಬಗಳ ಮೇಲೆ ದೋಣಿಗಟ್ಟಲೆ ಮರಳು ಸುರಿಸಿ, ನೆಲ ಎಬ್ಬಿಸಿ, ಗಣರಾಜ್ಯ ಘೋಷಿಸಿತು. ಅದೇ ವರ್ಷದ ಜೂನ್‌ನಲ್ಲಿ ಟಾಂಗಾದ ಅರಸರು ಜನರನ್ನು ಕರೆತಂದು ಆ ದಿಬ್ಬ ತಮ್ಮದೆಂದರು. ಅಲ್ಲಿಗೆ ಗಣರಾಜ್ಯ ಮುಗಿಯಿತು. 2019ರಲ್ಲಿ ಒಂದು ಜೋಡಿ ಥಾಯ್ಲೆಂಡಿನ ಫುಕೆಟ್ ಬಳಿ ಸಮುದ್ರದಲ್ಲಿ ತೇಲುವ ಪುಟ್ಟ ಮನೆಯಲ್ಲಿ ಸಂಸಾರ ಹೂಡಿತು. ಯಾರ ಗಡಿಯೊಳಗೂ ಇಲ್ಲ ಎಂಬುದು ಅವರ ಲೆಕ್ಕ. ಥಾಯ್ ನೌಕಾಪಡೆಯ ಲೆಕ್ಕ ಬೇರೆಯಿತ್ತು. ದೇಶದ ಸಾರ್ವಭೌಮತ್ವಕ್ಕೆ ಧಕ್ಕೆ ತಂದ ಆರೋಪ ಬಿತ್ತು, ಅದಕ್ಕೆ ಮರಣದಂಡನೆಯವರೆಗೂ ಶಿಕ್ಷೆಯುಂಟು. ಇಬ್ಬರೂ ತಲೆಮರೆಸಿಕೊಂಡರು, ಮನೆಯನ್ನು ನೌಕಾಪಡೆ ಎಳೆದೊಯ್ದಿತು. 2015ರಲ್ಲಿ ಡ್ಯಾನ್ಯೂಬ್ ದಂಡೆಯಲ್ಲಿ, ಕ್ರೊಯೇಷಿಯಾ ಮತ್ತು ಸರ್ಬಿಯಾ ನಡುವೆ, ಯಾರೂ ತಮ್ಮದೆನ್ನದ ಏಳು ಚದರ ಕಿಲೋಮೀಟರ್ ನೆಲದಲ್ಲಿ ಲಿಬರ್‌ಲ್ಯಾಂಡ್ ಘೋಷಣೆಯಾಯಿತು. ಬಾವುಟವಿದೆ, ಅಧ್ಯಕ್ಷರಿದ್ದಾರೆ, ಒಳಗೆ ಕಾಲಿಡಲು ಹೋದವರನ್ನು ಕ್ರೊಯೇಷಿಯಾ ಪೊಲೀಸರು ಹಿಡಿದು ಹೊರಗೆ ಕಳಿಸುತ್ತ ಬಂದರು.

ಇವೆಲ್ಲಕ್ಕಿಂತ ಗಂಭೀರವಾದದ್ದು ಹೊಂಡುರಾಸ್‌ನ ರೋಟಾನ್ ದ್ವೀಪದಲ್ಲಿ ಕಂಪನಿಯೊಂದು ಕಟ್ಟಿದ ಪ್ರೋಸ್ಪೆರಾ ಎಂಬ ನಗರ. ಅಲ್ಲಿ ಬಾವುಟದ ಹುಚ್ಚಾಟವಿಲ್ಲ. 2013ರಲ್ಲಿ ಆ ದೇಶವೇ ವಿಶೇಷ ವಲಯಗಳ ಕಾನೂನು ತಂದು, ಆ ವಲಯಗಳಿಗೆ ತಮ್ಮದೇ ತೆರಿಗೆ, ತಮ್ಮದೇ ವ್ಯಾಜ್ಯ ತೀರ್ಮಾನದ ವ್ಯವಸ್ಥೆಗೆ ಅವಕಾಶ ಕೊಟ್ಟಿತು. ಹಣ ಬಂತು, ಕಟ್ಟಡಗಳೆದ್ದವು. ಆಮೇಲೆ ಸರ್ಕಾರ ಬದಲಾಯಿತು. 2022ರಲ್ಲಿ ಸಂಸತ್ತು ಆ ಕಾನೂನನ್ನೇ ರದ್ದು ಮಾಡಿತು. 2024ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ವಲಯಗಳು ಸಂವಿಧಾನಕ್ಕೆ ವಿರುದ್ಧ ಎಂದಿತು. ಕಂಪನಿ ಸುಮಾರು 10.7 ಶತಕೋಟಿ ಡಾಲರ್ ಪರಿಹಾರ ಕೇಳಿ ಅಂತಾರಾಷ್ಟ್ರೀಯ ಪಂಚಾಯ್ತಿಗೆ ಹೋಗಿದೆ. ದುಡ್ಡಿನ ದಾರಿ ಏನೇ ಆಗಲಿ, ಅಲ್ಲಿ ನೆಲೆಸಲು ಹೋದ ಸಾಮಾನ್ಯನಿಗೆ ಆ ದೇಶದ ಚುನಾವಣೆಯಲ್ಲಿ ಓಟಿರಲಿಲ್ಲ. ಒಬ್ಬ ಅಧ್ಯಕ್ಷ ಕೊಟ್ಟದ್ದನ್ನು ಮತ್ತೊಬ್ಬರು ಕಿತ್ತುಕೊಂಡಾಗ ಅವನು ನೋಡುತ್ತ ನಿಲ್ಲಬೇಕಾಯಿತು.

ಜನಸಂಖ್ಯೆಯ ಲೆಕ್ಕ

ಉಳಿದದ್ದು ಇರುವ ದೇಶದೊಳಗಿನ ಒಂದು ರಾಜ್ಯ ಅಥವಾ ಒಂದು ಊರು. ಇಲ್ಲಿ ಕ್ಯಾಲ್ಕುಲೇಟರ್ ತೆಗೆಯಿರಿ.

ಫ್ರೀ ಸ್ಟೇಟ್‌ನವರು ಹದಿನೈದು ಲಕ್ಷಕ್ಕಿಂತ ಕಡಿಮೆ ಜನರಿರುವ ರಾಜ್ಯಗಳನ್ನು ಮಾತ್ರ ನೋಡಿದರು: ಅಲಾಸ್ಕ, ಡೆಲವೇರ್, ಐಡಹೊ, ಮೇನ್, ಮೊಂಟಾನ, ನ್ಯೂ ಹ್ಯಾಂಪ್‌ಶೈರ್, ಉತ್ತರ ಡಕೋಟ, ದಕ್ಷಿಣ ಡಕೋಟ, ವರ್ಮಾಂಟ್, ವಯೋಮಿಂಗ್. ಬರೀ ತಲೆ ಎಣಿಸಿದರೆ ವಯೋಮಿಂಗ್ ಗೆಲ್ಲಬೇಕಿತ್ತು. 2000ದ ಜನಗಣತಿಯಲ್ಲಿ ಅಲ್ಲಿ ಐದು ಲಕ್ಷವೂ ಇರಲಿಲ್ಲ, ನ್ಯೂ ಹ್ಯಾಂಪ್‌ಶೈರಿನಲ್ಲಿ ಹನ್ನೆರಡು ಲಕ್ಷ ದಾಟಿತ್ತು. ಆದರೆ ಸದಸ್ಯರು ಎರಡನ್ನೂ ಮುಖಾಮುಖಿ ತೂಗಿದಾಗ ನ್ಯೂ ಹ್ಯಾಂಪ್‌ಶೈರಿಗೆ ಶೇ 57, ವಯೋಮಿಂಗಿಗೆ ಶೇ 43 ಬಂತು.

ನನಗೆ ಕಾಣುವ ದೊಡ್ಡ ಕಾರಣ ಶಾಸನಸಭೆ. ನ್ಯೂ ಹ್ಯಾಂಪ್‌ಶೈರಿನ ಕೆಳಮನೆಯಲ್ಲಿ 400 ಸದಸ್ಯರು. ಈಗಿನ ಜನಸಂಖ್ಯೆಗೆ ಭಾಗಿಸಿದರೆ ಸುಮಾರು ಮೂರೂವರೆ ಸಾವಿರ ಜನರಿಗೆ ಒಬ್ಬ ಪ್ರತಿನಿಧಿ. ಕ್ಯಾಲಿಫೋರ್ನಿಯಾದಲ್ಲಿ ಹೆಚ್ಚುಕಡಿಮೆ ಐದು ಲಕ್ಷ ಜನರಿಗೆ ಒಬ್ಬ. ಮೂರೂವರೆ ಸಾವಿರ ಅಂದರೆ ಒಬ್ಬ ಅಭ್ಯರ್ಥಿ ಎರಡು ತಿಂಗಳ ವಾರಾಂತ್ಯಗಳಲ್ಲಿ ಎಲ್ಲರ ಮನೆ ಬಾಗಿಲೂ ತಟ್ಟಿ ಬರಬಹುದು. ಪೋಸ್ಟರಿಗೂ ಪೆಟ್ರೋಲಿಗೂ ಕೈಯಿಂದಲೇ ಹಾಕಿ ಗೆಲ್ಲಬಹುದು. ಗೆದ್ದರೆ ಸಿಗುವ ಸಂಬಳ ವರ್ಷಕ್ಕೆ 100 ಡಾಲರ್. 1889ರಿಂದ ಅದು ಏರಿಲ್ಲ. ಹಾಗಾಗಿ ಅಲ್ಲಿ ಕೂರಲು ಬಿಡುವಿರುವವರು ನಿವೃತ್ತರು, ಸ್ವಂತ ಉದ್ಯೋಗದವರು, ಎಲ್ಲಿಂದಲಾದರೂ ಕೆಲಸ ಮಾಡಬಲ್ಲವರು. ವಲಸೆ ಬಂದ ಲಿಬರ್ಟೇರಿಯನ್ನರಲ್ಲಿ ಅಂಥವರಿಗೆ ಬರವಿಲ್ಲ.

ಒಂದು ಕಿವಿಮಾತು: ಅವರು ಗೆದ್ದದ್ದು ಬಹುಪಾಲು ರಿಪಬ್ಲಿಕನ್ ಚಿಹ್ನೆಯ ಮೇಲೆ, ಕೆಲವರು ಡೆಮಾಕ್ರಾಟ್ ಆಗಿಯೂ. ಓಹಿಯೋದಿಂದ ಬಂದ ಜೇಸನ್ ಆಸ್ಬೋರ್ನ್ ಆ ಕೆಳಮನೆಯ ಬಹುಮತ ಪಕ್ಷದ ನಾಯಕರೇ ಆದರು. ಸ್ವಂತ ಪಕ್ಷ, ಸ್ವಂತ ಚಿಹ್ನೆ ಎಂದು ಹಟ ಹಿಡಿದವರು ಹೊರಗೇ ಉಳಿದರು.

ಈ ಲೆಕ್ಕದಲ್ಲಿ ಪೌರತ್ವ ಮರೆಯಬೇಡಿ. ಎಚ್‌-1ಬಿ ವೀಸಾದಲ್ಲಿರುವವರೂ ಗ್ರೀನ್ ಕಾರ್ಡ್ ಇರುವವರೂ ಅಲ್ಲಿ ಮನೆ ಮಾಡಬಹುದು, ರಾಜ್ಯದ ತೆರಿಗೆಯಿಂದ ಉಳಿತಾಯವೂ ಆಗಬಹುದು. ಅವರ ಓಟಿನ ತೂಕ ಮಾತ್ರ ಸೊನ್ನೆ.

ಎರಡನೇ ಕಿವಿಮಾತು, ಹೆಸರು ಬರೆಸಿದವರೆಲ್ಲ ಬರುವುದಿಲ್ಲ. ಇಪ್ಪತ್ತು ಸಾವಿರ ಸಹಿ ಬಿದ್ದ ಮೇಲೆ ಐದು ವರ್ಷದೊಳಗೆ ಹೋಗುತ್ತೇವೆ ಎಂಬುದು ಒಪ್ಪಂದ. ಆ ಸಂಖ್ಯೆ ಮುಟ್ಟಿದ್ದು 2016ರ ಫೆಬ್ರುವರಿ 3ರಂದು, ಹದಿನೈದು ವರ್ಷದ ನಂತರ. ಅಷ್ಟರಲ್ಲಿ ನಿಜವಾಗಿ ಗಂಟುಮೂಟೆ ಕಟ್ಟಿಕೊಂಡು ಬಂದಿದ್ದವರು ಎರಡು ಸಾವಿರದ ಆಸುಪಾಸು. ನಿಮ್ಮ ಗುಂಪಿನಲ್ಲಿ ನೂರು ಜನ ತಲೆಯಾಡಿಸಿದರೆ ಹತ್ತು ಜನ ಬರುತ್ತಾರೆ ಎಂದು ಲೆಕ್ಕ ಹಿಡಿಯಿರಿ. ಆ ಹತ್ತರಿಂದಲೂ ಏನಾದರೂ ಆಗುವಷ್ಟು ಚಿಕ್ಕ ಜಾಗವನ್ನೇ ನೋಡಿ.

ಸಂಬಳ ಎಲ್ಲಿಂದ?

ವಯೋಮಿಂಗ್ ಸೋತದ್ದಕ್ಕೆ ಇನ್ನೊಂದು ಕಾರಣ ಹೊಟ್ಟೆಪಾಡು. ಅಲ್ಲಿ ಕಲ್ಲಿದ್ದಲು, ತೈಲ, ಅನಿಲ, ದನ; ಅರ್ಧದ ಹತ್ತಿರ ನೆಲ ಕೇಂದ್ರ ಸರ್ಕಾರದ್ದು. ಅಲಾಸ್ಕದಲ್ಲಿ ಅರ್ಧಕ್ಕಿಂತಲೂ ಹೆಚ್ಚು. ಅಲಾಸ್ಕದಲ್ಲಿ ಲಿಬರ್ಟೇರಿಯನ್ ಪಕ್ಷದವರೇ ಶಾಸನಸಭೆಗೆ ಗೆದ್ದದ್ದುಂಟು, 1980ರಲ್ಲಿ ರಾಜ್ಯದ ಆದಾಯ ತೆರಿಗೆಯೇ ರದ್ದಾಯಿತು. ಆ ತೆರಿಗೆಯ ಜಾಗ ತುಂಬಿದ್ದು ತೈಲದ ಹಣ. ಕಂಪ್ಯೂಟರ್ ಕೆಲಸದವರಿಗೆ ಆಗ ಈ ಎರಡೂ ರಾಜ್ಯಗಳು ದೂರದ ಬೆಟ್ಟ. ನ್ಯೂ ಹ್ಯಾಂಪ್‌ಶೈರಿನ ದಕ್ಷಿಣದ ಊರುಗಳಿಂದಾದರೆ ಪಕ್ಕದ ಮ್ಯಾಸಚೂಸೆಟ್ಸ್ ರಾಜ್ಯದ ಬಾಸ್ಟನ್ನಿಗೆ ದಿನಾ ಹೋಗಿಬರಬಹುದು.

ಆದರೆ ಇಲ್ಲೊಂದು ಮುಳ್ಳಿದೆ. ಮ್ಯಾಸಚೂಸೆಟ್ಸ್‌ನಲ್ಲಿ ದುಡಿದ ಸಂಬಳಕ್ಕೆ ಮ್ಯಾಸಚೂಸೆಟ್ಸ್ ಶೇ 5ರಷ್ಟು ತೆರಿಗೆ ಹಾಕುತ್ತದೆ, ನೀವು ರಾತ್ರಿ ಎಲ್ಲಿ ಮಲಗಿದರೂ ಸರಿ. ಕೋವಿಡ್ ಕಾಲದಲ್ಲಿ ಜನ ಮನೆಯಲ್ಲೇ ಕೂತು ದುಡಿದಾಗಲೂ ಅದು ತೆರಿಗೆ ಬಿಡಲಿಲ್ಲ. ನ್ಯೂ ಹ್ಯಾಂಪ್‌ಶೈರ್ ಸರ್ಕಾರ ಅಮೆರಿಕದ ಸುಪ್ರೀಂ ಕೋರ್ಟಿಗೆ ಹೋಯಿತು, 2021ರಲ್ಲಿ ಕೋರ್ಟ್ ದಾವೆಯನ್ನು ಕೈಗೆತ್ತಿಕೊಳ್ಳಲು ಒಪ್ಪಲಿಲ್ಲ. ಗಡಿಯಾಚೆಯ ನೌಕರಿ ನಂಬಿ ಬರುವವರು ಈ ಶೇ 5ನ್ನು ಮೊದಲೇ ಕಳೆದು ನೋಡಲಿ.

ಆಸ್ತಿ ತೆರಿಗೆಯ ಚೀಟಿ ಕೈಗೆತ್ತಿಕೊಳ್ಳಿ

‘ತೆರಿಗೆಯಿಲ್ಲದ ರಾಜ್ಯ’ ಎಂಬ ಮಾತು ಕೇಳಿ ಮನೆ ಕೊಳ್ಳಬೇಡಿ. ಮಾರುವವರಿಂದ ಕಳೆದ ವರ್ಷದ ಆಸ್ತಿ ತೆರಿಗೆಯ ಬಿಲ್ಲು ಕೇಳಿ ಪಡೆಯಿರಿ. ಅದರಲ್ಲಿ ಮನೆಯ ಬೆಲೆಕಟ್ಟು ಇರುತ್ತದೆ, ಪ್ರತಿ ಸಾವಿರ ಡಾಲರಿಗೆ ಇಷ್ಟು ಎಂಬ ದರ ಇರುತ್ತದೆ. ದರ ನಾಲ್ಕು ತುಂಡು: ಊರಿನದು, ಕೌಂಟಿಯದು (ನಮ್ಮ ಜಿಲ್ಲೆಯಂಥದ್ದು), ಊರ ಶಾಲೆಯದು, ರಾಜ್ಯದ ಶಿಕ್ಷಣದ್ದು. ಸಾಮಾನ್ಯವಾಗಿ ಎಲ್ಲಕ್ಕಿಂತ ದಪ್ಪ ತುಂಡು ಊರ ಶಾಲೆಯದು. ದರ 20 ಡಾಲರ್, ಮನೆಯ ಬೆಲೆಕಟ್ಟು 4 ಲಕ್ಷ ಅಂದುಕೊಳ್ಳಿ. ವರ್ಷಕ್ಕೆ 8,000 ಡಾಲರ್. ನೌಕರಿ ಹೋದರೂ ಅದು ನಿಲ್ಲುವುದಿಲ್ಲ. ಆದಾಯ ತೆರಿಗೆಯಾದರೆ ದುಡಿದಾಗ ಮಾತ್ರ ಕೊಡಬೇಕು, ಇದನ್ನು ಮನೆಯಲ್ಲಿ ಕೂತದ್ದಕ್ಕೇ ಕೊಡಬೇಕು. ತಿಂಗಳ ಸಂಬಳ ಚೆನ್ನಾಗಿದ್ದು ಚಿಕ್ಕ ಮನೆಯಲ್ಲಿರುವವರಿಗೆ ಈ ರಾಜ್ಯ ಲಾಭ. ದೊಡ್ಡ ಮನೆ, ಸಣ್ಣ ಆದಾಯದ ನಿವೃತ್ತರು ಎರಡು ಸಲ ಯೋಚಿಸಬೇಕು.

ಪಕ್ಕಪಕ್ಕದ ಊರುಗಳಲ್ಲೇ ದರದಲ್ಲಿ ಭಾರಿ ಅಂತರವಿರುತ್ತದೆ. ಸರೋವರದ ದಡದಲ್ಲಿ ಶ್ರೀಮಂತರ ಬೇಸಿಗೆ ಮನೆಗಳಿರುವ ಊರಿನಲ್ಲಿ ದರ ಕಡಿಮೆ; ಆ ಮನೆಗಳ ಮಕ್ಕಳು ಊರ ಶಾಲೆಗೆ ಬರುವುದಿಲ್ಲವಲ್ಲ.

ಊರವರು ಯಾರು?

ಹೊಸಬರು ಹೆಚ್ಚು ಎಡವುವುದು ಇಲ್ಲೇ.

2004ರಲ್ಲಿ ಕೆಲವು ಲಿಬರ್ಟೇರಿಯನ್ನರು ಇಡೀ ರಾಜ್ಯ ಬೇಡ, ಒಂದೇ ಊರು ಸಾಕು ಎಂದು ನ್ಯೂ ಹ್ಯಾಂಪ್‌ಶೈರಿನ ಗ್ರಾಫ್ಟನ್ ಆರಿಸಿದರು. ಸಾವಿರ ಚಿಲ್ಲರೆ ಜನ, ಕಾಡು, ಯಾವ ಜಾಗದಲ್ಲಿ ಏನು ಕಟ್ಟಬೇಕೆಂಬ ಜೋನಿಂಗ್ ನಿಯಮವಿಲ್ಲ. ಬಂದವರು ಡೇರೆ, ಟ್ರೈಲರುಗಳಲ್ಲಿ ಉಳಿದರು. ಊರಿನ ಖರ್ಚಿಗೆ ಕತ್ತರಿ ಹಾಕಿಸಿದರು. ಕಸ ಹೇಗಿಡಬೇಕೆಂದು ಯಾರಿಗೆ ಯಾರು ಹೇಳುವುದು? ಕರಡಿಗಳು ಬರತೊಡಗಿದವು. ಕೆಲವರು ಬೇಲಿ ಹಾಕಿದರು, ಕೆಲವರು ಬಂದೂಕು ಹಿಡಿದರು, ಕರಡಿಗೆ ತಿನ್ನಲು ಹಾಕುವ ಹಕ್ಕು ತಮಗಿದೆ ಎಂದವರೂ ಇದ್ದರು. 2012ರಲ್ಲಿ ಕರಡಿ ಒಬ್ಬ ಮಹಿಳೆಯ ಮೇಲೆ ಬಿತ್ತು. ಪಕ್ಕದ ಮನೆಯವನ ಸ್ವಾತಂತ್ರ್ಯ ನಿಮ್ಮ ಹಿತ್ತಿಲಿಗೆ ನಾಲ್ಕು ಕಾಲಲ್ಲಿ ನಡೆದು ಬಂದಾಗ ಏನು ಮಾಡುತ್ತೀರಿ ಎಂಬುದನ್ನು ಗುಂಪಿನಲ್ಲಿ ಮೊದಲೇ ಮಾತಾಡಿಕೊಳ್ಳಿ.

ಊರನ್ನು ರಾತ್ರೋರಾತ್ರಿ ಕೈವಶ ಮಾಡಿಕೊಳ್ಳುವವರ ಗತಿ ಏನಾಗುತ್ತದೆಂಬುದಕ್ಕೆ ಆರೆಗನ್ನಿನ ಆಂಟಿಲೋಪ್ ಸಾಕ್ಷಿ. ಅವರು ಲಿಬರ್ಟೇರಿಯನ್ನರಲ್ಲ, ರಜನೀಶರ ಶಿಷ್ಯರು. 1981ರಲ್ಲಿ ಹತ್ತಿರದ ದೊಡ್ಡ ರಾಂಚ್ ಕೊಂಡರು, ಬೆರಳೆಣಿಕೆಯ ಮನೆಗಳ ಆ ಊರಿನ ಕೌನ್ಸಿಲ್ ಗೆದ್ದರು, ಊರಿನ ಹೆಸರನ್ನೇ ರಜನೀಶ್ ಎಂದು ಬದಲಿಸಿದರು. ಕೌಂಟಿಯನ್ನೂ ಗೆಲ್ಲುವ ಆತುರಕ್ಕೆ 1984ರಲ್ಲಿ ಒಳಗಿನವರೇ ಕೆಲವರು ಹೋಟೆಲುಗಳ ಸಲಾಡಿಗೆ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಬೆರೆಸಿ 751 ಜನ ಹಾಸಿಗೆ ಹಿಡಿದರು. ಮರುವರ್ಷ ಎಲ್ಲ ಕುಸಿಯಿತು. ಊರು ಹಳೆಯ ಹೆಸರಿಗೆ ಮರಳಿತು.

ನಿಧಾನವಾಗಿ ಹೋದವರ ಕತೆ ಬೇರೆ. ವರ್ಮಾಂಟ್ 1856ರಿಂದ 1960ರವರೆಗೆ ಪ್ರತಿ ಅಧ್ಯಕ್ಷೀಯ ಚುನಾವಣೆಯಲ್ಲೂ ರಿಪಬ್ಲಿಕನ್ನರಿಗೇ ಓಟು ಹಾಕಿದ ರಾಜ್ಯ. ಅರವತ್ತು, ಎಪ್ಪತ್ತರ ದಶಕದಲ್ಲಿ ನಗರ ಬಿಟ್ಟ ಎಡಪಂಥೀಯ ತರುಣರು ಅಲ್ಲಿಗೆ ಬಂದು ಹೊಲ ಹಿಡಿದರು, ಅಂಗಡಿ ಇಟ್ಟರು, ಮಕ್ಕಳನ್ನು ಊರ ಶಾಲೆಗೆ ಕಳಿಸಿದರು. ಬ್ರೂಕ್ಲಿನ್ನಿನಿಂದ ಬಂದ ಬರ್ನಿ ಸ್ಯಾಂಡರ್ಸ್ ಅವರಲ್ಲೊಬ್ಬರು. ಅರ್ಧ ಶತಮಾನದಲ್ಲಿ ರಾಜ್ಯದ ಬಣ್ಣ ಬದಲಾಯಿತು, ಯಾರೂ ಯಾವ ಘೋಷಣೆಯನ್ನೂ ಮಾಡಬೇಕಾಗಲಿಲ್ಲ. ಸಿದ್ಧಾಂತ ಉಲ್ಟಾ ಇರಬಹುದು, ನಕಲು ಮಾಡಬೇಕಾದ ದಾರಿ ಮಾತ್ರ ಇದು.

ಊರವರನ್ನು ಅಳೆಯಲು ಟೌನ್ ಮೀಟಿಂಗಿಗಿಂತ ಒಳ್ಳೆಯ ಜಾಗವಿಲ್ಲ. ನ್ಯೂ ಹ್ಯಾಂಪ್‌ಶೈರಿನ ಬಹಳಷ್ಟು ಊರುಗಳಲ್ಲಿ ಮಾರ್ಚ್ ಎರಡನೇ ಮಂಗಳವಾರದ ಸುತ್ತಮುತ್ತ ನಡೆಯುತ್ತದೆ. ಶಾಲೆಯ ಜಿಮ್ ಹಾಲಿನಲ್ಲಿ ಮಡಚುವ ಕುರ್ಚಿಗಳು. ಮಂಡಿ ಮೇಲೆ ಊರಿನ ವಾರ್ಷಿಕ ವರದಿ. ಮುಂದೆ ಮೈಕ್ ಹಿಡಿದ ಮಾಡರೇಟರ್. ಹೊಸ ಅಗ್ನಿಶಾಮಕ ಟ್ರಕ್ಕು ಬೇಕೇ, ಸೇತುವೆ ರಿಪೇರಿಗೆ ಎಷ್ಟು ಎಂದು ಒಂದೊಂದೇ ಕಲಂ ಓದುತ್ತಾರೆ, ಜನ ಕಾರ್ಡ್ ಎತ್ತುತ್ತಾರೆ. ಇಪ್ಪತ್ತೈದು ಮತದಾರರ ಸಹಿ ಸಿಕ್ಕರೆ ನಿಮ್ಮದೇ ಒಂದು ಕಲಂ ಸೇರಿಸಬಹುದು. ಒಬ್ಬ ಸಾಮಾನ್ಯನ ಕೈಗೆ ಇಷ್ಟು ಅಧಿಕಾರ ಬೇರೆಲ್ಲೂ ಸುಲಭವಾಗಿ ಸಿಗದು. ಆದ್ದರಿಂದಲೇ ಅದನ್ನು ಹದವಾಗಿ ಬಳಸಬೇಕು.

ಕ್ರೊಯ್ಡನ್ ಎಂಬ ಎಂಟುನೂರು ಜನರ ಊರಿನಲ್ಲಿ 2022ರ ಮಾರ್ಚ್‌ನಲ್ಲಿ ಹಿಮ ಬೀಳುತ್ತಿದ್ದ ದಿನ ಶಾಲೆಯ ಬಜೆಟ್ ಸಭೆಗೆ ಮೂವತ್ತನಾಲ್ಕು ಮಂದಿಯಷ್ಟೇ ಓಟು ಹಾಕಿದರು. 17 ಲಕ್ಷ ಡಾಲರಿನ ಬಜೆಟ್ಟನ್ನು 8 ಲಕ್ಷಕ್ಕೆ ಇಳಿಸೋಣ ಎಂದು ಒಬ್ಬರು ಸೂಚಿಸಿದರು, 20–14ರಿಂದ ಪಾಸಾಯಿತು. ಮನೆಯಲ್ಲಿದ್ದವರಿಗೆ ಸುದ್ದಿ ತಿಳಿದಾಗ ಊರು ಹೊತ್ತಿಕೊಂಡಿತು. ತೀರ್ಮಾನ ಹಿಂತೆಗೆಯಲು ಮತದಾರರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಬರಲೇಬೇಕೆಂದು ಕಾನೂನು. ಜನ ಮನೆಮನೆ ಸುತ್ತಿ ಕರೆತಂದರು. ಮೇ ತಿಂಗಳ ಸಭೆಯಲ್ಲಿ ಹಳೆಯ ಬಜೆಟ್ 377–2ರಿಂದ ವಾಪಸ್ ಬಂತು. ಇಪ್ಪತ್ತು ಓಟಿಗೆ ಗೆದ್ದದ್ದು ಎರಡು ತಿಂಗಳೂ ಉಳಿಯಲಿಲ್ಲ, ಎದುರಾಳಿಗಳಿಗೆ ಸಂಘಟನೆಯ ಪಾಠ ಬೇರೆ ಪುಕ್ಕಟೆ ಸಿಕ್ಕಿತು. ಅದೇ ಬಜೆಟ್ಟಿನಿಂದ ವರ್ಷಕ್ಕೆ ಶೇ 3 ಇಳಿಸುತ್ತ ಹೋಗಿದ್ದರೆ ಇಷ್ಟು ಜನ ಬರುತ್ತಿದ್ದರೇ ಎಂದು ನನಗೆ ಅನುಮಾನ.

ಬಾಡಿಗೆಗೆ ಹೋಗಿ, ಕೆಟ್ಟ ಕಾಲದಲ್ಲಿ ಹೋಗಿ

ಜೂನ್ ಕೊನೆಯಲ್ಲಿ ನ್ಯೂ ಹ್ಯಾಂಪ್‌ಶೈರಿನ ಲ್ಯಾಂಕಾಸ್ಟರಿನ ಕ್ಯಾಂಪಿನಲ್ಲಿ ಫ್ರೀ ಸ್ಟೇಟ್‌ನವರ ಮೇಳ ಪೋರ್ಕ್‌ಫೆಸ್ಟ್ ನಡೆಯುತ್ತದೆ. ಮುಳ್ಳುಹಂದಿ ಅವರ ಲಾಂಛನ: ತಾನಾಗಿ ಮೇಲೆ ಬೀಳದು, ಮುಟ್ಟಿದರೆ ಬಿಡದು. ಸಮಾನಮನಸ್ಕರನ್ನು ಕಾಣಲು ಅದು ಸರಿ, ರಾಜ್ಯವನ್ನು ಕಾಣಲು ಅಲ್ಲ. ಅದಕ್ಕೆ ಮಾರ್ಚ್ ಕೊನೆ, ಏಪ್ರಿಲ್‌ನಲ್ಲಿ ಹೋಗಿ. ಹಿಮ ಕರಗಿ ಮಣ್ಣಿನ ರಸ್ತೆಗಳು ಗಂಜಿಯಾಗಿರುತ್ತವೆ. ಮೇ ಬಂದರೆ ಕಚ್ಚುವ ಕಪ್ಪು ನೊಣ.

ಅಗ್ಗದ ಜಮೀನಿನ ಜಾಹೀರಾತಿನಲ್ಲಿ ‘ಕ್ಲಾಸ್ 6 ರಸ್ತೆ’ ಎಂದಿದ್ದರೆ ನಿಂತು ಓದಿ. ಅದು ಸಾರ್ವಜನಿಕ ರಸ್ತೆಯೇ, ಆದರೆ ಅದನ್ನು ನೋಡಿಕೊಳ್ಳುವ ಹೊಣೆ ಊರಿಗಿಲ್ಲ. ಹಿಮ ಎತ್ತುವವರು ನೀವು, ಮೋರಿ ಕೊಚ್ಚಿಹೋದರೆ ಹಾಕುವವರು ನೀವು. ಅಲ್ಲಿ ಮನೆ ಕಟ್ಟಲು ಪರವಾನಗಿ ಸಿಗಬೇಕಾದರೆ ಊರಿಗೆ ಹೊಣೆಯಿಲ್ಲವೆಂದು ಬರೆದುಕೊಡಬೇಕು. ಸರ್ಕಾರ ಬೇಡ ಎನ್ನುವವರಿಗೆ ಇದಕ್ಕಿಂತ ಪ್ರಾಮಾಣಿಕ ರಸ್ತೆ ಸಿಗಲಾರದು. ಒಂದು ಚಳಿಗಾಲ ಬಾಡಿಗೆ ಮನೆಯಲ್ಲಿದ್ದು, ಅಂಥ ರಸ್ತೆಯಲ್ಲಿರುವವರ ಜತೆ ಎರಡು ಸಲ ಹಿಮ ಎತ್ತಿ, ಆಮೇಲೆ ಮುಂಗಡ ಕೊಡಿ.

ನೆಲೆಸಿದ ಮೇಲೆ 60 ದಿನದೊಳಗೆ ಡ್ರೈವಿಂಗ್ ಲೈಸೆನ್ಸ್ ಬದಲಿಸಬೇಕು, ಕಾರನ್ನು ಟೌನ್ ಕ್ಲರ್ಕ್ ಬಳಿ ನೋಂದಾಯಿಸಿ ಊರಿಗೆ ಶುಲ್ಕ ಕಟ್ಟಬೇಕು. ಮತದಾರರ ಪಟ್ಟಿಗೆ ಸೇರಲು 2024ರ ನವೆಂಬರಿನಿಂದ ಪೌರತ್ವದ ದಾಖಲೆ ತೋರಿಸಲೇಬೇಕು. ಮೊದಲಿನಂತೆ ಪ್ರಮಾಣ ಮಾಡಿ ಸಹಿ ಹಾಕಿದರೆ ನಡೆಯುವುದಿಲ್ಲ. ಹಾಗಾಗಿ ಜನನ ಪತ್ರ ಅಥವಾ ಪಾಸ್‌ಪೋರ್ಟನ್ನು ಸಾಮಾನಿನ ಲಾರಿಗೆ ಹಾಕಬೇಡಿ, ಕೈಚೀಲದಲ್ಲೇ ಇಟ್ಟುಕೊಳ್ಳಿ.